ಕಂಗ್ವಾನ ಕುರ್ಚಿ

ನೀರು ಬಾರದ ದೂರು ಕೊಡುವವರ ಸಾಲಿನಲ್ಲಿ ಅರ್ಧ ಗಂಟೆ ನಿಂತ ಮೇಲೆ ಲಾಮೆಕ್ ಜೆರೆಗೆ ತಾನು ತಪ್ಪು ಸಾಲಿನಲ್ಲಿದ್ದೇನೆಂದು ಗೊತ್ತಾಯಿತು. ಗೊತ್ತಾಯಿತು ಅನ್ನುವುದೂ ಪೂರ್ತಿ ಸರಿಯಲ್ಲ, ಮೊದಲಿನಿಂದಲೂ ಗೊತ್ತಿತ್ತು. ನೀರಿನ ಕಂಪನಿಯ ಗೇಟಿನ ಕಾವಲುಗಾರ ಅವನ ಬೆವರಿದ ಮುಖ, ತೋಳು ಗಿಡ್ಡವಾದ ಕೋಟು, ಕೈಯಲ್ಲಿದ್ದ ಪ್ಲಾಸ್ಟಿಕ್ ಲಕೋಟೆ ಇಷ್ಟನ್ನೂ ನೋಡಿ ಎಷ್ಟು ದಿನದಿಂದ ನೀರಿಲ್ಲ ಎಂದು ಕೇಳಿದ್ದ. ಎರಡು ದಿನದಿಂದ ಎಂದು ಇವನು ಹೇಳಿದ್ದ, ಅದು ನಿಜವೂ ಆಗಿತ್ತು. ಆ ಸಾಲಿಗೆ ಹೋಗು ಎಂದು ಅವನು ಕೈ ತೋರಿಸಿದ, ಇವನು ಹೋದ. ಗಣಿಯ ಪ್ರಯೋಗಾಲಯ ಮುಚ್ಚಿ ಕೆಲಸ ಹೋಗಿ ಹದಿನಾಲ್ಕು ತಿಂಗಳಾಗಿತ್ತು. ಅಂದಿನಿಂದ ಯಾರು ಎಲ್ಲಿ ನಿಲ್ಲು ಅಂದರೂ ಅಲ್ಲಿ ನಿಲ್ಲುವುದು ಅವನಿಗೆ ರೂಢಿಯಾಗಿಬಿಟ್ಟಿತ್ತು. ಹೆಂಡತಿ ಡೇಲಿಸ್ ಬೆಳಗಿನ ಜಾವ ಎದ್ದು ಹಿಟ್ಟಿನ ಉಂಡೆ ಕರಿದು ಬಸ್ ನಿಲ್ದಾಣದಲ್ಲಿ ಮಾರಲು ಹೋದರೆ, ಇವನು ಮನೆಯಲ್ಲಿ ಪಕ್ಕದ ಮನೆಯವರು ಕೂಡ ಉಪ್ಪಿಗೋ ಇದ್ದಿಲಿಗೋ ಅಟ್ಟುವ ಆಳಾಗಿದ್ದ. ಯಾರೂ ಅವನನ್ನು ಅವಮಾನಿಸಬೇಕೆಂದು ಹಾಗೆ ಮಾಡುತ್ತಿರಲಿಲ್ಲ. ಖಾಲಿ ಇದ್ದಾನೆ, ಹೋಗಿಬರುತ್ತಾನೆ, ಅಷ್ಟೆ. ಸಾಲಿನಲ್ಲಿ ಅವನ ಮುಂದಿದ್ದ ಹೆಂಗಸು ತನ್ನ ಮನೆಯ ಕೊಳಾಯಿಯ ಕಥೆಯನ್ನೆಲ್ಲ ಹೇಳಿ ಮುಗಿಸಿದಾಗ ಅವನು, ನಾನು ಸಂದರ್ಶನಕ್ಕೆ ಬಂದವನು ಎಂದು ಮೊದಲ ಸಲ ಬಾಯಿಬಿಟ್ಟ. ಹೆಂಗಸು ಅವನನ್ನು ಮೇಲಿಂದ ಕೆಳಗೆ ನೋಡಿ, ಹಾಗಾದ್ರೆ ಕೆಲಸ ಸಿಕ್ಕ ಮೇಲೆ ನಮ್ಮ ಬೀದಿಯನ್ನು ಮರೀಬೇಡಪ್ಪ ಅಂದಳು.

ಒಳಗೆ ಉದ್ದನೆಯ ಕಾರಿಡಾರು, ಗೋಡೆಗೆ ಒರಗಿಸಿದ ಬೆಂಚು. ಬೆಂಚಿನ ಮೇಲೆ ಇನ್ನೊಬ್ಬ ಅಭ್ಯರ್ಥಿ, ಇಪ್ಪತ್ತೈದರ ಹುಡುಗ, ಇವನನ್ನು ಕಂಡವನೇ ಎದ್ದು ಜಾಗ ಬಿಟ್ಟು ಕೂತ್ಕೊಳ್ಳಿ ಅಜ್ಜ ಎಂದ. ಮರ್ಯಾದೆಗೆ ಹೇಳಿದ್ದು. ನಲವತ್ತಮೂರಕ್ಕೇ ಅಜ್ಜನಾದದ್ದನ್ನು ಲಾಮೆಕ್ ಬಾಯಿಮುಚ್ಚಿ ನುಂಗಿಕೊಂಡ. ಕಂಪ್ಯೂಟರ್ ಅಂಗಡಿಯವನು ಅರ್ಜಿಯ ಜೊತೆ ಬಿಟ್ಟಿಯಾಗಿ ಕೊಟ್ಟ ಹಾಳೆಯೊಂದು ಲಕೋಟೆಯಲ್ಲಿತ್ತು. ಒಳ್ಳೆಯ ಅಭಿಪ್ರಾಯ ಮೂಡಿಸುವುದು ಹೇಗೆ ಎಂದು ಅದರಲ್ಲಿ ಬರೆದಿತ್ತು. ಎದುರಿನವರ ಕಣ್ಣಲ್ಲಿ ಕಣ್ಣಿಟ್ಟು ಮಾತಾಡಬೇಕಂತೆ. ಕೈಯನ್ನು ಗಟ್ಟಿಯಾಗಿ ಹಿಡಿದು ಕುಲುಕಬೇಕಂತೆ. ಹಿರಿಯರೆದುರು ತಲೆ ತಗ್ಗಿಸಿ, ಅಂಗೈಗಳನ್ನು ಮೆಲ್ಲಗೆ ತಟ್ಟಿ ನಮಸ್ಕರಿಸುವುದನ್ನು ಏಟು ತಿಂದು ಕಲಿತ ಅವನು ಹೋದ ಮೂರು ದಿನ ಕನ್ನಡಿಯ ಮುಂದೆ ನಿಂತು ತನ್ನ ಕಣ್ಣಲ್ಲೇ ಕಣ್ಣಿಟ್ಟು ನೋಡುವ ಅಭ್ಯಾಸ ಮಾಡಿದ್ದ. ನಾಲ್ಕೆಣಿಸುವಷ್ಟರಲ್ಲಿ ಕಣ್ಣು ತಾನಾಗಿ ಪಕ್ಕಕ್ಕೆ ಸರಿಯುತ್ತಿತ್ತು. ಈ ಕೆಲಸ ನಿಮಗೆ ಏಕೆ ಬೇಕು ಎಂಬುದು ಹಾಳೆಯಲ್ಲಿದ್ದ ಮೂರನೆಯ ಪ್ರಶ್ನೆ. ಅದಕ್ಕೆ ಅವನು ಬರೆದುಕೊಂಡ ಉತ್ತರ ಚೆನ್ನಾಗಿಯೇ ಇತ್ತು, ಜನರ ಆರೋಗ್ಯ, ಶುದ್ಧ ನೀರು, ಹತ್ತೊಂಬತ್ತು ವರ್ಷದ ಅನುಭವ. ಬೇಕಾದದ್ದು ಕಂಗ್ವಾನ ಕುರ್ಚಿ. ಅದನ್ನು ಎಲ್ಲೂ ಬರೆದಿರಲಿಲ್ಲ.

ಕಂಗ್ವಾ ಈ ಕಂಪನಿಯ ಪ್ರಯೋಗಾಲಯದಲ್ಲಿ ಹದಿನೇಳು ವರ್ಷ ನೀರು ಪರೀಕ್ಷೆ ಮಾಡಿದವನು, ಜೂನಿನಲ್ಲಿ ಸತ್ತ. ಲಾಮೆಕನ ಗೆಳೆಯ, ಅದಕ್ಕಿಂತ ಹೆಚ್ಚಾಗಿ ಭಾವ. ಮದುವೆಯಿಂದ ಬಂದ ಭಾವನಲ್ಲ. ಅವನು ಬೆಂಬಾ ಬುಡಕಟ್ಟಿನವನು, ಇವನು ಎಂಗೋನಿ. ಮುತ್ತಜ್ಜಂದಿರು ಈಟಿ ಹಿಡಿದು ಹೊಡೆದಾಡಿ ಸುಸ್ತಾಗಿ ಬಿಟ್ಟದ್ದನ್ನು ಮರಿಮಕ್ಕಳು ಬಾಯಲ್ಲೇ ಮುಂದುವರಿಸಿಕೊಂಡು ಬಂದ ನಂಟು. ಬೆಂಬಾ ಎಂಗೋನಿಯನ್ನು ಇಲಿ ತಿನ್ನುವವನೇ ಅನ್ನಬೇಕು, ಎಂಗೋನಿ ಬೆಂಬಾನನ್ನು ಕೋತಿ ತಿನ್ನುವವನೇ, ಇಲ್ಲವೇ ಸುಮ್ಮನೆ ಕೋತಿಯೇ ಅನ್ನಬೇಕು. ಸಿಟ್ಟಾಗುವ ಹಕ್ಕು ಇಬ್ಬರಿಗೂ ಇಲ್ಲ. ಒಬ್ಬರ ಮನೆಯಲ್ಲಿ ಸಾವಾದರೆ ಇನ್ನೊಬ್ಬರು ಬಂದು ಗುಂಡಿ ತೋಡಬೇಕು, ಒಲೆ ಹಚ್ಚಬೇಕು, ಜೊತೆಗೆ ಸತ್ತವನನ್ನು ಅಣಕಿಸಿ ಅಳುವವರನ್ನು ನಗಿಸಬೇಕು. ಅದು ಕೆಲಸ, ಬೇರೆ ಯಾರೂ ಮಾಡುವ ಹಾಗಿಲ್ಲ. ಕಂಗ್ವಾನ ಮೂತ್ರಪಿಂಡ ಕೆಟ್ಟು ಸರ್ಕಾರಿ ಆಸ್ಪತ್ರೆಯ ಮೂರನೆಯ ವಾರ್ಡಿನಲ್ಲಿ ಮಲಗಿದ ಏಳು ವಾರ ಲಾಮೆಕ್ ದಿನವೂ ಹೋಗುತ್ತಿದ್ದ. ಖಾಲಿ ಇದ್ದ, ಹೋಗುತ್ತಿದ್ದ. ಬೇರೆಯವರು ನೋವು ಹೇಗಿದೆ, ಊಟ ಸೇರುತ್ತದಾ ಎಂದು ಕೇಳುತ್ತಿದ್ದರು. ಲಾಮೆಕ್ ಕೆಲಸದ ಬಗ್ಗೆ ಕೇಳುತ್ತಿದ್ದ. ಕದಡು ಅಳೆಯುವ ಆ ಹಳೆಯ ಯಂತ್ರ ಬಿಸಿಯಾಗಲು ಎಷ್ಟು ಹೊತ್ತು ಬೇಕು, ಮೊದಲ ಮಳೆಗೆ ನದಿ ಕೆಂಪಾದಾಗ ಪಟಿಕ ಎಷ್ಟು ಹಾಕುತ್ತೀ, ಆರು ಜಾಡಿಗೆ ಬೇರೆ ಬೇರೆ ಅಳತೆಯ ಪಟಿಕ ಹಾಕಿ ನೋಡುವ ಪರೀಕ್ಷೆಯಲ್ಲಿ ಯಾವ ಜಾಡಿಯನ್ನು ನಂಬುತ್ತೀ. ಕಂಗ್ವಾನ ಹಳದಿ ಮುಖ ಅರಳುತ್ತಿತ್ತು. ದಿಂಬಿಗೆ ಒರಗಿ ಕೂತು, ಇಲ್ಲದ ಬಾಟಲಿಯನ್ನು ಎರಡು ಬೆರಳಲ್ಲಿ ಹಿಡಿದು, ಗಾಜಿನ ಮೇಲಿನ ಗೆರೆ ನಿನ್ನ ಕಡೆಗೇ ತಿರುಗಿರಬೇಕು ನೋಡು ಇಲೀ, ಇಲ್ಲದಿದ್ರೆ ಯಂತ್ರ ಸುಳ್ಳು ಹೇಳುತ್ತೆ ಎಂದು ತೋರಿಸುತ್ತಿದ್ದ. ದಾದಿಯರು ಇವರಿಬ್ಬರ ಗೆಳೆತನ ಕಂಡು ಸಂತೋಷಪಡುತ್ತಿದ್ದರು. ಒಂದು ದಿನ ಡಾಕ್ಟರು, ನಿಮ್ಮ ಸ್ನೇಹಿತರು ಚೇತರಿಸಿಕೊಳ್ಳುತ್ತಿದ್ದಾರೆ, ಮನೆಗೆ ಹೋಗಬಹುದು ಎಂದರು. ಅಂದು ಮನೆಯಲ್ಲಿ ಮೀನಿನ ಸಾರು ಮಾಡಿದ್ದರೂ ಲಾಮೆಕ್ ತಟ್ಟೆಯ ಮುಂದೆ ಕೂತು ಎದ್ದ. ಬಿಸಿಲಿಗೆ ಹೊಟ್ಟೆ ಕೆಟ್ಟಿರಬೇಕು ಎಂದು ಡೇಲಿಸ್ ನಿಂಬೆಯ ನೀರು ಮಾಡಿಕೊಟ್ಟಳು. ಅವನೂ ಬಿಸಿಲೇ ಎಂದುಕೊಂಡ. ಆದರೆ ಕಂಗ್ವಾ ಮನೆಗೆ ಹೋಗಲಿಲ್ಲ, ರೋಗ ಮತ್ತೆ ತಿರುಗಿ ಅದೇ ವಾರ್ಡಿನಲ್ಲಿ ಸತ್ತ.

ಹುಡುಗನನ್ನು ಒಳಗೆ ಕರೆದರು. ಅವನು ಟೈ ಸರಿಪಡಿಸಿಕೊಂಡು ಹೋದ, ಬಾಗಿಲು ಮುಚ್ಚಿತು, ಒಳಗಿಂದ ಒಂದು ಮಾತೂ ಕೇಳಲಿಲ್ಲ. ಹಣ್ಣಾದ ಮಾವಿನ ವಾಸನೆ ಎಲ್ಲಿಂದಲೋ ಬರುತ್ತಿತ್ತು. ಅಂತ್ಯಸಂಸ್ಕಾರದ ದಿನವೂ ಹೀಗೆ ಎಲ್ಲವೂ ಸ್ಪಷ್ಟವಾಗಿ ಕಾಣುತ್ತಿತ್ತು, ಆ ನಾಡಿಗೆ ಚಳಿಗಾಲವಾದ ಜೂನಿನ ಬಿಸಿಲು, ಮಣ್ಣಿನ ರಾಶಿ, ಹೆಂಗಸರ ಬಣ್ಣಬಣ್ಣದ ಸುತ್ತುಬಟ್ಟೆಗಳು. ಯಾರೋ ಕಂಗ್ವಾನ ಬಿಳಿ ಕೋಟನ್ನು ತಂದು ಲಾಮೆಕನ ಕೈಗೆ ಕೊಟ್ಟರು. ಅವನು ಅದನ್ನು ತೊಟ್ಟ, ಕಂಗ್ವಾನ ಹಾಗೆ ಎಡಗಾಲು ಎಳೆಯುತ್ತ ಪೆಟ್ಟಿಗೆಯ ಸುತ್ತ ಒಂದು ಸುತ್ತು ಬಂದ, ಖಾಲಿ ಬಾಟಲಿಯನ್ನು ಸೂರ್ಯನಿಗೆ ಹಿಡಿದು ಒಂದು ಕಣ್ಣು ಮುಚ್ಚಿ ನೋಡಿ, ಈ ಕೋತಿಯಲ್ಲಿ ಕಲ್ಮಶ ಸೊನ್ನೆ, ಹೂಳಬಹುದು ಎಂದು ತೀರ್ಪು ಕೊಟ್ಟ. ಜನ ನಕ್ಕರು. ನಗು ಬಂದ ಮೇಲೆ ನಿಲ್ಲಿಸುವುದು ಕಷ್ಟ. ಅವನು ಪೆಟ್ಟಿಗೆಯ ಮುಚ್ಚಳವನ್ನು ಬೆರಳಲ್ಲಿ ಕುಟ್ಟಿ, ಪ್ರಯೋಗಾಲಯದ ಬೀಗದ ಕೈ ಎಲ್ಲಿಟ್ಟಿದ್ದೀಯೋ ಹೇಳಿ ಹೋಗು, ನಿನ್ನ ಕುರ್ಚಿ ಖಾಲಿಯಾಗಲಿ ಅಂತ ಆಸ್ಪತ್ರೆ ಬಾಗಿಲಲ್ಲಿ ಏಳು ವಾರ ಕಾದಿದ್ದೀನಿ, ಇಷ್ಟು ತಡ ಮಾಡೋದಾ ಎಂದ. ಗಂಡಸರು ಹೊಟ್ಟೆ ಹಿಡಿದುಕೊಂಡು ಬಗ್ಗಿದರು. ಕಂಗ್ವಾನ ಹೆಂಡತಿ, ಮಗುವಿನ ಹೆಸರು ಹಿಡಿದು ಎಲ್ಲರೂ ಚಿಲೇಶೆಯ ತಾಯಿ ಎಂದೇ ಕರೆಯುವವಳು, ಎರಡು ದಿನದಿಂದ ಒಂದು ಮಾತೂ ಆಡದಿದ್ದವಳು, ಅವಳೂ ನಕ್ಕಳು. ಇಂಥ ಭಾವ ಇರಬೇಕು ಎಂದು ಮುದುಕಿಯರು ಹೊಗಳಿದರು. ಆ ಮಾತು ಬಾಯಿಂದ ಹೊರಬಿದ್ದ ಕ್ಷಣದಲ್ಲಿ ಮಾತ್ರ, ಅದು ತಾನು ಏಳು ವಾರದಿಂದ ಆಡದೆ ಇಟ್ಟುಕೊಂಡ ಒಂದೇ ನಿಜ ಎಂದು ಲಾಮೆಕನಿಗೆ ತಿಳಿದದ್ದು. ಅಲ್ಲಿಯವರೆಗೆ ಅವನಿಗೂ ತಿಳಿದಿರಲಿಲ್ಲ. ಅಂದಿನಿಂದ ಅವನು ಯಾವ ಬೆಂಬಾನನ್ನೂ ಕೋತಿ ಎಂದು ಕರೆದಿಲ್ಲ, ಯಾರಾದರೂ ಇಲಿ ಎಂದರೆ ಸುಮ್ಮನೆ ಹಲ್ಲು ಬಿಟ್ಟು ಮುಂದೆ ಹೋಗುತ್ತಾನೆ.

ಸೆಪ್ಟೆಂಬರಿನಲ್ಲಿ ಪತ್ರಿಕೆಯಲ್ಲಿ ಬಂದ ಜಾಹೀರಾತನ್ನು ಕತ್ತರಿಸಿ ತಂದುಕೊಟ್ಟವಳು ಚಿಲೇಶೆಯ ತಾಯಿಯೇ. ಬಿಸಿಲಲ್ಲಿ ನಡೆದು ಬಂದಿದ್ದಳು. ನೀವು ಅವತ್ತು ಕೇಳಿದ್ರಲ್ಲ, ಖಾಲಿಯಾಗಿದೆ ನೋಡಿ ಎಂದು ನಗುತ್ತ ಹೇಳಿ, ಡೇಲಿಸ್ ಕೊಟ್ಟ ನೀರು ಕುಡಿದು ಹೋದಳು. ಆ ನಗುವನ್ನು ಎಷ್ಟು ಸಲ ನೆನೆಸಿಕೊಂಡರೂ ಅದರ ಅರ್ಥ ಅವನಿಗೆ ಸಿಕ್ಕಿರಲಿಲ್ಲ. ಕೆಲಸ ಬೇಕು, ಅದರಲ್ಲಿ ಅನುಮಾನವಿಲ್ಲ. ಬೆಳಿಗ್ಗೆ ಎದ್ದು ಹೋಗಲು ಒಂದು ಜಾಗ ಬೇಕು. ಆದರೆ ಆ ಕುರ್ಚಿಯಲ್ಲಿ ಕೂರುವ ಮೊದಲು ಒಬ್ಬರಿಗಾದರೂ ಇದ್ದದ್ದನ್ನು ಇದ್ದ ಹಾಗೆ ಹೇಳಬೇಕು, ಹೇಳದೆ ಕೂತರೆ ದಿನವೂ ಸತ್ತವನ ತೊಡೆಯ ಮೇಲೆ ಕೂತ ಹಾಗೆ ಎಂದು ಅವನಿಗೆ ಅನ್ನಿಸತೊಡಗಿತ್ತು. ಹೇಳಿದರೆ ಕೆಲಸ ಹೋಗುತ್ತದೆ. ಈ ಎರಡನ್ನೂ ಅವನು ಹೋದ ಮೂರು ವಾರದಿಂದ ಅಕ್ಕಪಕ್ಕ ಇಟ್ಟುಕೊಂಡು ತಿರುಗುತ್ತಿದ್ದ.

ಹುಡುಗ ಹೊರಬಂದ. ಯಾರ ಮುಖವನ್ನೂ ನೋಡದೆ ನೇರ ಮೆಟ್ಟಿಲಿಳಿದು ಹೋದ. ಲಾಮೆಕನ ಹೆಸರು ಕೂಗಿದರು.

ಮೇಜಿನ ಆಚೆ ಮೂವರಿದ್ದರು. ನಡುವೆ ಅಧ್ಯಕ್ಷರು, ಚಿಶಿಂಬಾ ಎಂದು ಫಲಕದಲ್ಲಿ ಬರೆದಿತ್ತು, ಐವತ್ತೈದು ದಾಟಿದ ದಪ್ಪ ಮನುಷ್ಯ. ಬಲಕ್ಕೆ ಕೊಳಾಯಿ ವಿಭಾಗದ ಎಂಜಿನಿಯರು, ಮಾತು ಕಮ್ಮಿ. ಎಡಕ್ಕೆ ಸಿಬ್ಬಂದಿ ವಿಭಾಗದ ಮಿಸ್ ಮುಲೆಯಾ, ದಕ್ಷಿಣದಿಂದ ಬಂದ, ಈ ಭಾವನೆಂಟಿನ ಹೊರಗಿನ ಚಿಕ್ಕ ವಯಸ್ಸಿನವಳು, ಕೈಯಲ್ಲಿ ಅಂಕ ಹಾಕುವ ಹಾಳೆ. ಇವನಿಗೆ ಕೊಟ್ಟ ಕುರ್ಚಿ ಅವರದಕ್ಕಿಂತ ತಗ್ಗಾಗಿತ್ತು, ಕೂತಾಗ ಮೊಣಕಾಲು ಎದೆಯ ಮಟ್ಟಕ್ಕೆ ಬಂತು. ಕೈ ಕುಲುಕಬೇಕಾದಲ್ಲಿ ಅಂಗೈ ತಟ್ಟಿದ, ಅಂಗೈ ತಟ್ಟಿದ್ದು ನೆನಪಾಗಿ ಕೈ ಚಾಚಿದ, ಅಷ್ಟರಲ್ಲಿ ಚಿಶಿಂಬಾ ಕಾಗದ ಕೈಗೆತ್ತಿಕೊಂಡಿದ್ದರು. ಚಾಚಿದ ಕೈಯನ್ನು ಅವನು ಮೊಣಕಾಲ ಮೇಲೆ ಇಟ್ಟುಕೊಂಡ.

"ಜೆರೆ," ಎಂದು ಚಿಶಿಂಬಾ ಓದಿದರು. ಹೆಸರಿನಲ್ಲೇ ಎಂಗೋನಿ ಎಂದು ಗೊತ್ತಾಗಿ ಅವರ ಮುಖ ಅಗಲವಾಯಿತು. "ಇಲಿ ತಿನ್ನೋರ ಕಡೆಯವನು. ಎಂಜಿನಿಯರೇ, ನಮ್ಮ ಸ್ಯಾಂಪಲ್ ಬಾಟಲಿಗಳ ಮುಚ್ಚಳ ಭದ್ರವಾಗಿದೆಯಾ ನೋಡ್ಕೊಳ್ಳಿ."

ಇದು ಕೈ ಚಾಚಿದ ಹಾಗೆ. ಬೆಂಬಾ ಹಿರಿಯ ತಾನಾಗಿ ನಂಟನ್ನು ಎತ್ತಿಕೊಂಡಿದ್ದಾನೆ, ಮರುಮಾತು ಹೇಳಬೇಕು, ಎಷ್ಟು ಖಾರವಾಗಿ ಹೇಳಿದರೆ ಅಷ್ಟು ಮರ್ಯಾದೆ. ಕೋತಿ ಮೇಜಿನ ಮೇಲೆ ಕೂರೋದು ಬಿಟ್ಟು ಕುರ್ಚಿಯಲ್ಲಿ ಯಾವಾಗಿಂದ ಕೂತಿತು ಎಂಬ ಮಾತು ಅವನ ನಾಲಿಗೆಯ ತುದಿಯವರೆಗೆ ಬಂತು, ಹಿಂದಿನ ದಿನಗಳಲ್ಲಾಗಿದ್ದರೆ ತಾನಾಗಿ ಬಿದ್ದುಹೋಗುತ್ತಿತ್ತು. ಅವನು ಹೌದು ಸರ್ ಎಂದ. ಚಿಶಿಂಬಾ ಸ್ವಲ್ಪ ಹೊತ್ತು ಕಾದರು. ಮತ್ತೇನೂ ಬರಲಿಲ್ಲ. ಅವರ ಮುಖದ ಅಗಲ ಕಮ್ಮಿಯಾಯಿತು, ಇಲ್ಲದ ಧೂಳನ್ನು ಕಾಗದದ ಮೇಲಿಂದ ಒರೆಸಿ, ಶುರುಮಾಡಿ ಎಂದು ಮಿಸ್ ಮುಲೆಯಾಗೆ ಹೇಳಿದರು. ಮನೆಗೆ ಬಂದವನು ನೀರು ಬೇಡ ಅಂದ ಹಾಗಾಗಿತ್ತು. ತಾನು ಸೋತೆ ಎಂದು ಲಾಮೆಕನಿಗೆ ಅಲ್ಲಿಯೇ ಅನ್ನಿಸಿತು, ಅನ್ನಿಸಿದ್ದರಿಂದ ಅರ್ಧ ಹಗುರವಾಯಿತು. ಮಿಸ್ ಮುಲೆಯಾ ಅವನ ದೌರ್ಬಲ್ಯಗಳೇನು ಎಂದು ಕೇಳಿದಳು. ತುಂಬಾ ಶ್ರದ್ಧೆ ಎಂದು ಹಾಳೆಯಲ್ಲಿದ್ದ ಉತ್ತರವನ್ನೇ ಹೇಳಿದ. ಅವಳು ಬರೆದುಕೊಂಡಳು. ಇಂದು ಅದೇ ಉತ್ತರವನ್ನು ಅವಳು ಎಷ್ಟನೆಯ ಸಲ ಬರೆದುಕೊಳ್ಳುತ್ತಿದ್ದಳೋ.

ಎಂಜಿನಿಯರ ಸರದಿ ಬಂದಾಗ ಬೇರೆಯೇ ಆಯಿತು. ಮೊದಲ ಮಳೆಗೆ ನೀರಿನ ಕದಡು ಏಕಾಏಕಿ ಏರಿದರೆ ಏನು ಮಾಡುತ್ತೀರಿ ಎಂದು ಅವರು ಕೇಳಿದರು. ಲಾಮೆಕ್ ಬಾಯಿ ತೆರೆದ. ಮೊದಲ ಮಳೆಯ ನೀರಿಗೆ ಗೋಡೆಯ ಮೇಲಿನ ಪಟ್ಟಿ ನಂಬಬಾರದು, ಜಾಡಿಗಳನ್ನು ಗಂಟೆಗೊಮ್ಮೆ ಇಡಬೇಕು, ಪಟಿಕ ಏರಿಸಿದಷ್ಟೂ ನೀರು ಹುಳಿಯಾಗುತ್ತೆ, ಸುಣ್ಣವನ್ನು ಮರೆತರೆ ಕೊಳಾಯಿ ತಿಂದುಹೋಗುತ್ತೆ ಎಂದ. ಆ ಹಳೆಯ ಯಂತ್ರಕ್ಕೆ ಅರ್ಧ ಗಂಟೆ ಬಿಸಿಯಾಗಲು ಬಿಡಬೇಕು, ಗಾಜಿನ ಮೇಲಿನ ಗೆರೆ ನಮ್ಮ ಕಡೆಗೇ ತಿರುಗಿರಬೇಕು, ಇಲ್ಲದಿದ್ದರೆ ಯಂತ್ರ ಸುಳ್ಳು ಹೇಳುತ್ತೆ. ಹೇಳುತ್ತ ಹೇಳುತ್ತ ತನ್ನ ಎರಡು ಬೆರಳು ಇಲ್ಲದ ಬಾಟಲಿಯನ್ನು ಹಿಡಿದು ಬೆಳಕಿಗೆ ಎತ್ತಿದ್ದನ್ನು ಅವನು ನೋಡಿದ. ದನಿ ಕೂಡ ತನ್ನದಲ್ಲ, ಆ ನಿಧಾನ, ಆ ನಡುವಿನ ಕೆಮ್ಮು. ಎಂಜಿನಿಯರು ಮುಂದೆ ಬಗ್ಗಿ, ನಮ್ಮ ಯಂತ್ರ ನಿಮಗೆ ಹೇಗೆ ಗೊತ್ತು ಎಂದರು.

"ಕಂಗ್ವಾ ಹೇಳಿಕೊಟ್ಟ ಸರ್."

"ಯಾವಾಗ?"

"ಆಸ್ಪತ್ರೇಲಿ."

ಚಿಶಿಂಬಾ ತಲೆ ಎತ್ತಿದರು. ಇವನನ್ನು ಹೊಸದಾಗಿ ಎಂಬಂತೆ ನೋಡಿದರು, ಕನ್ನಡಕ ತೆಗೆದು ಮತ್ತೆ ನೋಡಿದರು. ಅವರಿಗೆ ಗುರುತು ಸಿಕ್ಕಿತು. ಮಣ್ಣಿಗೆ ಅವರೂ ಬಂದಿದ್ದರು, ಹಿಂದಿನ ಸಾಲಿನಲ್ಲಿ ನಿಂತಿದ್ದರು. ಬಿಳಿ ಕೋಟು ತೊಟ್ಟು ಕುಂಟುತ್ತ ಬಂದ ಆ ಭಾವ ಇವನೇ. ಅವರು ಮೇಜು ಕುಟ್ಟಿ ಮಿಸ್ ಮುಲೆಯಾಗೆ ಅದನ್ನೆಲ್ಲ ಹೇಳತೊಡಗಿದರು. ಕೋತಿಯಲ್ಲಿ ಕಲ್ಮಶ ಸೊನ್ನೆ ಎಂಬಲ್ಲಿಗೆ ಬಂದಾಗ ಅವರಿಗೆ ಉಸಿರು ಸಿಕ್ಕಿಕೊಂಡಿತು. ಐವತ್ತು ಸಾವಿಗೆ ಹೋಗಿದ್ದೀನಿ, ಇಂಥದ್ದು ನೋಡಿಲ್ಲ, ಹೆಂಡತಿ ಸತ್ತ ಮೇಲೆ ನಾನು ನಕ್ಕಿದ್ದೇ ಅವತ್ತು ಎಂದರು. ಆ ಕೊನೆಯ ಮಾತನ್ನು ಅವರು ಸ್ವಲ್ಪ ತಗ್ಗಿದ ದನಿಯಲ್ಲಿ ಹೇಳಿದರು. ಲಾಮೆಕನಿಗೆ ಅವರ ಮೇಲೆ ಕರುಣೆ ಬಂತು.

"ಈ ಮನುಷ್ಯ ಅರ್ಜಿ ಹಾಕಿದ್ದು ಹೋದ ತಿಂಗಳಲ್ಲಮ್ಮ," ಎಂದರು ಚಿಶಿಂಬಾ. "ಜೂನಲ್ಲೇ, ಪೆಟ್ಟಿಗೆ ಕುಟ್ಟಿ ಹಾಕಿದಾನೆ. ಹೇಳಯ್ಯಾ ಭಾವ, ಅವಳಿಗೂ ಹೇಳು. ಈ ಕೆಲಸ ನಿನಗ್ಯಾಕೆ ಬೇಕು?"

ಮೂರನೆಯ ಪ್ರಶ್ನೆ. ಮೂವರೂ ಅವನನ್ನೇ ನೋಡುತ್ತಿದ್ದರು, ಮಿಸ್ ಮುಲೆಯಾ ಪೆನ್ನು ಕೆಳಗಿಟ್ಟಿದ್ದಳು. ಆಗಲೇ ನಗಲು ಸಿದ್ಧವಾದ ಮುಖಗಳು. ಅವನು ಚಿಶಿಂಬಾ ಅವರ ಕಣ್ಣಲ್ಲಿ ಕಣ್ಣಿಟ್ಟು ನೋಡಿದ. ಈ ಸಲ ಕಣ್ಣು ಸರಿಯಲಿಲ್ಲ.

"ಸರ್, ಅವತ್ತು ನಾನು ತಮಾಷೆ ಮಾಡ್ಲಿಲ್ಲ."

"ಹೌದಾ?"

"ನಿಜವಾಗ್ಲೂ ಕಾಯ್ತಿದ್ದೆ. ದಿನಾ ಆಸ್ಪತ್ರೆಗೆ ಹೋಗ್ತಿದ್ದಿದ್ದು ಅವನನ್ನ ನೋಡೋಕಲ್ಲ, ಅವನ ಕೆಲಸ ಕಲಿಯೋಕೆ. ವಾಸಿಯಾಗ್ತಾನೆ ಅಂತ ಡಾಕ್ಟ್ರು ಒಂದಿನ ಅಂದ್ರು. ಅವತ್ತು ನನಗೆ ಊಟ ಸೇರ್ಲಿಲ್ಲ."

ಚಿಶಿಂಬಾ ಅವರ ಹೊಟ್ಟೆ ಮೇಜಿಗೆ ತಾಗಿ ಅಲುಗಿತು. ಅವರು ದನಿಯೇ ಇಲ್ಲದೆ ನಗುತ್ತಿದ್ದರು, ಕಣ್ಣಲ್ಲಿ ನೀರು. ಊಟ ಸೇರಲಿಲ್ಲವಂತೆ, ಮುಖ ನೋಡಿ ಮುಖ, ಒಂದು ಗೆರೆ ಅಲುಗಿಲ್ಲ ಎಂದು ಎಂಜಿನಿಯರ ಭುಜ ಹಿಡಿದು ಅಲುಗಿಸಿದರು. ಎಂಜಿನಿಯರೂ ನಕ್ಕರು. ಮಿಸ್ ಮುಲೆಯಾ ಮಾತ್ರ ಒಂದು ಗಳಿಗೆ ನಗದೆ ಅವನನ್ನು ನೋಡಿದಳು. ನಂತರ ಅವಳೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ಸರ್, ನಾನು ಹೇಳ್ತಿರೋದು ನಿಜ ಎಂದು ಅವನು ಇನ್ನೊಮ್ಮೆ ಹೇಳಿದ. ಅದು ಹೇಳಬಾರದಿತ್ತು, ಅದಕ್ಕೆ ಇನ್ನೂ ಹೆಚ್ಚು ನಕ್ಕರು. ಸಾಕು ಮಾರಾಯ, ಸಾಯಿಸಬೇಡ ಎಂದು ಚಿಶಿಂಬಾ ಕೈ ಮುಗಿದರು. ಮೊದಲು ಸುಮ್ಮನೆ ಕೂತಿದ್ದೂ ಇದಕ್ಕೇ, ಸಮಯ ಕಾಯುತ್ತಿದ್ದೆಯಲ್ವಾ ಎಂದು ಅವರು ಮೆಚ್ಚಿಕೊಂಡರು. ಕಾಗದ ಆಮೇಲೆ ಬರುತ್ತೆ, ಇಲಿಯಾದವನು ಸೋಮವಾರ ಬಂದು ಬೀಗದ ಕೈ ತಗೊಂಡು ಹೋಗಲಿ ಎಂದರು. ಇನ್ನೂ ಇಬ್ಬರು ಬರೋದಿದೆ ಸರ್ ಎಂದು ಮಿಸ್ ಮುಲೆಯಾ ಮೆಲ್ಲಗೆ ನೆನಪಿಸಿದಳು. ಅವರನ್ನೂ ನೋಡೋಣ ಎಂದು ಹೇಳುತ್ತ ಚಿಶಿಂಬಾ ಎದ್ದು ಮೇಜಿನ ಈಚೆ ಬಂದು ಎರಡೂ ಕೈಯಿಂದ ಅವನ ಕೈ ಹಿಡಿದುಕೊಂಡರು. ತಾನೂ ನಗುತ್ತಿದ್ದೇನೆ ಎಂದು ಲಾಮೆಕನಿಗೆ ಆಗ ತಿಳಿಯಿತು. ಯಾವಾಗಿನಿಂದ ನಗುತ್ತಿದ್ದನೋ ಗೊತ್ತಿರಲಿಲ್ಲ.

ಮನೆಯ ಕಡೆಯ ಮಿನಿಬಸ್ಸು ಹತ್ತಿದವನು ಎರಡು ನಿಲ್ದಾಣ ಮೊದಲೇ ಇಳಿದುಬಿಟ್ಟ. ಡೇಲಿಸ್‌ಗೆ ಮೊದಲು ಹೇಳಬೇಕಿತ್ತು, ಅವಳು ಉಂಡೆಯ ಬಾಣಲೆಯ ಮುಂದೆ ಕೂತು ದಾರಿ ನೋಡುತ್ತಿರುತ್ತಾಳೆ. ಆದರೆ ಕಾಲು ಚಿಲೇಶೆಯ ತಾಯಿಯ ಮನೆಯ ಕಡೆ ಹೋಯಿತು. ಅವಳು ಅಂಗಳದಲ್ಲಿ ಚಾಪೆಯ ಮೇಲೆ ಕಾಲು ಚಾಚಿ ಕೂತು ಹುರುಳಿಕಾಯಿ ಬೀಜದಲ್ಲಿನ ಕಲ್ಲು ಆರಿಸುತ್ತಿದ್ದಳು. ಅವನನ್ನು ಕಂಡು ಸುತ್ತುಬಟ್ಟೆ ಸರಿಪಡಿಸಿಕೊಂಡು ಮಣೆ ಸರಿಸಿದಳು. ಕೆಲಸ ಸಿಕ್ಕಿತು ಎಂದ. ಅವಳು ಅಂಗೈ ತಟ್ಟಿ ದೇವರಿಗೆ ಕೃತಜ್ಞತೆ ಹೇಳಿದಳು, ಡೇಲಿಸ್‌ಗೆ ಹೇಳಿದಿರಾ ಎಂದು ಕೇಳಿದಳು, ಇನ್ನು ಅವಳು ಬೆಳಿಗ್ಗೆ ಸ್ವಲ್ಪ ಮಲಗಬಹುದು ಎಂದಳು. ಅಷ್ಟಕ್ಕೆ ಎದ್ದು ಬರಬಹುದಿತ್ತು. ಅವನು ಮಣೆಯ ಮೇಲೆ ಕೂತು ತನ್ನ ಬೂಟು ನೋಡುತ್ತ, ಆ ಕೋಣೆಯಲ್ಲಿ ಹೇಳಿದ್ದನ್ನೆಲ್ಲ ಮತ್ತೆ ಹೇಳಿದ. ಕಲಿಯಲು ಬರುತ್ತಿದ್ದದ್ದು, ಕಾದದ್ದು, ಡಾಕ್ಟರ ಮಾತು, ಊಟ ಸೇರದ್ದು. ಅಲ್ಲಿ ಹೇಳಿದ್ದಕ್ಕಿಂತ ನಿಧಾನವಾಗಿ, ಯಾವುದನ್ನೂ ಬಿಡದೆ ಹೇಳಿದ.

ಅವಳು ನಗಲಿಲ್ಲ. ಬೀಜದ ಮೇಲೆ ಓಡುತ್ತಿದ್ದ ಬೆರಳು ನಿಂತಿತು. ಓಣಿಯಲ್ಲಿ ಯಾರೋ ಇದ್ದಿಲು ಬೇಕಾ ಎಂದು ಕೂಗುತ್ತ ಹೋದರು. ಇಡೀ ದಿನ ಅವನು ಬಯಸಿದ್ದು ಇದನ್ನೇ, ನಗದೆ ಕೇಳುವ ಒಂದು ಮುಖವನ್ನು.

"ಚಿಲೇಶೆಯ ಅಪ್ಪನೂ ಕೇಳಿದ್ರು," ಎಂದಳು ಅವಳು ಕೊನೆಗೆ. "ಲಾಮೆಕ್ ಯಾಕೆ ದಿನಾ ಬರ್ತಾನೆ ಅಂತ. ನಿಮ್ಮ ಮೇಲಿನ ಪ್ರೀತಿಗೆ ಅಂದೆ. ಅವರಿಗೆ ಎಷ್ಟು ಖುಷಿಯಾಯ್ತು ಗೊತ್ತಾ."

ಅವನು ಬಗ್ಗಿ ಬೂಟಿನ ದಾರ ಬಿಚ್ಚಿ ಮತ್ತೆ ಕಟ್ಟಿದ.

"ನನ್ನ ಕಡೆ ನೋಡಿ ಹೇಳಿ. ನೀವು ಈಗ ಹೇಳಿದ್ದು ನಿಜಾನಾ?"

ನೋಡಿದ. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ, ಕೇಳುವುದಷ್ಟೇ ಇತ್ತು. ಹೌದು ಅಂದರೆ ಅವಳು ನಂಬುತ್ತಾಳೆ. ಒಂದೇ ಒಂದು ಮಾತು. ಆ ಏಳು ವಾರವನ್ನು ಅವಳು ಮತ್ತೆ ಮೊದಲಿನಿಂದ ನೋಡಬೇಕಾಗುತ್ತದೆ, ಮಂಚ, ದಿಂಬು, ಅರಳಿದ ಹಳದಿ ಮುಖ, ಬಾಗಿಲಲ್ಲಿ ಇವನು. ತಾನು ಅವಳ ಅಂಗಳದಲ್ಲಿ ಹೀಗೆ ಇನ್ನೊಮ್ಮೆ ಕೂರುವುದಿಲ್ಲ.

"ತಮಾಷೆ ಚಿಲೇಶೆಯಮ್ಮ," ಎಂದ. "ಏನು ಹೇಳಿದ್ರೂ ನಂಬ್ತೀರಲ್ಲ ನೀವು ಕೋತಿಗಳು."

ಅವಳು ಅವನನ್ನು ಇನ್ನೂ ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ನಕ್ಕಳು. ಭಾವನಾದವನು ತಮಾಷೆ ಮಾಡಿದ ಮೇಲೆ ನಗಲೇಬೇಕು.